ಕುರಿ ತುಳಿದ ದಾರಿ

ಗುಡದಪ್ಪ ಮೊದಲ ಸಲ ಊರು ಬಿಟ್ಟು ಹೊರಟದ್ದು ನಾಗರಪಂಚಮಿಯ ಮರುದಿನ. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯನ್ನು ಇನ್ನೂ ಬಿಚ್ಚಿರಲಿಲ್ಲ. ಏಳನೆಯ ಇಯತ್ತೆಯ ಹುಡುಗ, ಪಾಟಿಚೀಲದಲ್ಲಿ ಹಬ್ಬದ ಉಂಡಿ ತುಂಬಿಕೊಂಡು, ಸಾಲಿಗೆ ಹೋಗುತ್ತೇನೆಂದು ಹೇಳಿ ಹೊರಟ. ಸಾಲಿಯ ಬಾಗಿಲು ಬಂದಾಗ ಒಳಗೆ ತಿರುಗಲಿಲ್ಲ. ಕಾಲು ನೆಟ್ಟಗೆ ಹೋಗುತ್ತಿತ್ತು, ಅವನೂ ಕಾಲಿನ ಹಿಂದೆ ಹೋದ. ಆಮೇಲೆ ಆ ಕಾಲು ಎಲ್ಲಿಯೂ ಬಹಳ ದಿನ ಊರಿ ನಿಂತಿಲ್ಲ. ಹೋಟೆಲಿನ ಹಿತ್ತಲು, ಲಾರಿಯ ಬೆನ್ನು, ಹಿಟ್ಟಿನ ಗಿರಣಿಯ ಅಟ್ಟ, ಎಲ್ಲ ಕಡೆ ಇದ್ದ. ಎಲ್ಲ ಕಡೆಯಿಂದ ಎದ್ದು ಬಂದ. ತುಸು ಹೆಚ್ಚು ಕಾಲ ನಿಂತದ್ದು ಒಂದೇ ಕಡೆ, ಮಾನಪ್ಪ ಬಡಿಗೇರರ ಬೋರ್ಡು ಬರೆಯುವ ಶೆಡ್ಡಿನಲ್ಲಿ. ಅಲ್ಲಿ ಅವನು ಬ್ರಶ್ಶು ಹಿಡಿಯುವುದನ್ನು ಕಲಿತ, ಅಕ್ಷರದ ಹೊಟ್ಟೆ ತುಂಬುವುದನ್ನು ಕಲಿತ, ಮತ್ತೆ ಒಂದು ದಿನ ಹೇಳದೆ ಹೋದ.

ಆ ಗುಡದಪ್ಪ ಬಹಳ ವರ್ಷಗಳ ಮೇಲೆ ಅದೇ ಶೆಡ್ಡಿಗೆ ಬಂದಿದ್ದ. ರಾತ್ರಿ ಅಲ್ಲಿಯೇ ಮಲಗಿ, ಮುಂಜಾನೆ ಎದ್ದು ಅಂಗಿ ಒಗೆದು ತಂತಿಯ ಮೇಲೆ ಹಾಕಿ, ಚಹಾ ಕುಡಿದು, ಗುರುಗಳ ಎದುರಿಗೆ ಕೂತು ಕೇಳಿದ:

"ಗುರುಗಳ, ಒಬ್ಬರ ಹೆಸರು ನಾಕು ಮಂದಿ ಕಣ್ಣಿಗೆ ಬೀಳಬೇಕಂದ್ರ ಎಷ್ಟು ದಿನ ಬೇಕು?"

ಮಾನಪ್ಪನವರಿಗೆ ಈಗ ಕೈ ನಡುಗುತ್ತಿತ್ತು. ಬೋರ್ಡು ಬರೆಯುವುದನ್ನು ನಿಲ್ಲಿಸಿದ್ದರು. ಕೇಳಿಕೊಂಡು ಬಂದವರಿಗೆ ಅಕ್ಷರ ಹೇಳಿಕೊಡುತ್ತಿದ್ದರು, ಕೇಳದೆ ಬಂದವರಿಗೆ ಚಹಾ ಕೊಡುತ್ತಿದ್ದರು.

"ಯಾರ ಹೆಸರು?" ಎಂದರು.

"ಯಾರದರ ಇರವಲ್ದ್ಯಾಕ."

"ಯಾರದರ ಅನ್ನೋ ಹೆಸರಿನ ಬೋರ್ಡು ನಾ ಒಂದೂ ಬರದಿಲ್ಲಪ. ಹೆಸರು ಹೇಳು."

"ನಮ್ಮ ಕಸಬಿನ್ಯಾವ ಒಬ್ಬ ಅದಾನ್ರಿ. ಅವ ಕೇಳಿದ್ದ. ನಿಮ್ಮನ್ನ ಕೇಳಿ ಹೇಳ್ತೀನಿ ಅಂದಿದ್ದೆ."

ಗುರುಗಳು ಅವನ ಮುಖ ನೋಡಿದರು. ಅವನು ತಂತಿಯ ಮೇಲಿನ ಅಂಗಿಯನ್ನು ನೋಡಿದ.

ಕಸಬು ಎಂದರೆ ಏನೆಂದು ಹೇಳಬೇಕು. ಬಣ್ಣದ ಬೋರ್ಡು ಹೋಗಿ ಫ್ಲೆಕ್ಸು ಬಂದಾಗ ಗುಡದಪ್ಪ ಫ್ಲೆಕ್ಸಿನ ಹಿಂದೆ ಹೋಗಿದ್ದ. ಫ್ಲೆಕ್ಸಿನ ಹಿಂದೆ ಫೋನು ಬಂತು, ಅವನು ಫೋನಿನ ಹಿಂದೆ ಹೋದ. ಈಗ ಊರೂರು ತಿರುಗಿ ಸಣ್ಣ ಅಂಗಡಿಯವರಿಗೆ ಫೋನಿನಲ್ಲಿ ಕಾಣುವ ಪುಟ ಮಾಡಿಕೊಡುತ್ತಿದ್ದ. ಜನ ಗೂಗಲಿನಲ್ಲಿ ಹುಡುಕಿದರೆ ಆ ಪುಟ ಎಲ್ಲಕ್ಕಿಂತ ಮೇಲೆ ಬರುವಂತೆ ಮಾಡುತ್ತೇನೆಂದು ಮಾತು ಕೊಡುತ್ತಿದ್ದ. ಪುಟ ಮಾಡುವುದು ಅವನಿಗೆ ಬರುತ್ತಿತ್ತು. ಮೇಲೆ ತರುವ ಕೆಲಸವೂ ಒಂದಿಷ್ಟು ಬರುತ್ತಿತ್ತು. ಅದಕ್ಕೆ ಕಾಲ ಹಿಡಿಯುತ್ತದೆ ಎಂಬುದೂ ಗೊತ್ತಿತ್ತು. ಇಂದು ಹಾಕಿ ನಾಳೆ ಬರುವುದಲ್ಲ ಅದು. ಮತ್ತೆ ಮತ್ತೆ ಬಂದು ನೋಡಬೇಕು, ಹೊಸ ಫೋಟೊ ಹಾಕಬೇಕು, ಕೊಂಡವರಿಂದ ಎರಡು ಒಳ್ಳೆಯ ಮಾತು ಬರೆಸಬೇಕು, ಜನ ಯಾವ ಮಾತಿನಲ್ಲಿ ಹುಡುಕುತ್ತಾರೆಂದು ತಿಳಿದು ಆ ಮಾತನ್ನು ಪುಟದಲ್ಲಿ ಇಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಎಲ್ಲಕ್ಕಿಂತ ಮೇಲೆ ಬರುತ್ತದೆಂದು ಯಾರೂ ಎದೆ ತಟ್ಟಿ ಹೇಳುವ ಹಾಗಿಲ್ಲ. ಬಂದರೆ ನಿಧಾನವಾಗಿ ಒಂದೊಂದೇ ಗಿರಾಕಿ ಬರುತ್ತಾನೆ. ಇದನ್ನು ಗುಡದಪ್ಪ ಯಾವ ಅಂಗಡಿಯಲ್ಲಿಯೂ ಹೇಳುತ್ತಿರಲಿಲ್ಲ. ಹೇಳಿದರೆ ಯಾರೂ ಕುರ್ಚಿ ಎಳೆದು ಕೂಡಿಸುತ್ತಿರಲಿಲ್ಲ.

ಹೀಗೆ ತಿರುಗುತ್ತ ಅವನು ಕಟಗಿಹಾಳಕ್ಕೆ ಹೋಗಿದ್ದ. ಅಲ್ಲಿ ತಿಪ್ಪವ್ವ ಎಂಬವಳು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ ತಂದುಕೊಟ್ಟರೆ ಪದರ ಪದರ ಹಾಸಿ, ಅಂಚಿನಿಂದ ನಡುವಿಗೆ ಸಾಲುಹೊಲಿಗೆ ಹಾಕುತ್ತ ಬರುತ್ತಿದ್ದಳು. ತೀರಿಹೋದ ತಾಯಿಯ ಸೀರೆ ತಂದು ಕೊಟ್ಟವರು, ಕೌದಿ ಒಯ್ಯುವಾಗ ಮೂಸಿ ನೋಡಿ ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಅವಳು ಮಂಗಳವಾರದ ಸಂತೆಯಲ್ಲಿ ಕೂಡುತ್ತಿದ್ದಳು, ಕಟ್ಟೆಯ ಪಕ್ಕ, ನೆರಳಿನಲ್ಲಿ. ಅವಳ ಅತ್ತೆ ಕೂಡುತ್ತಿದ್ದ ಜಾಗ ಅದು. ಆ ಸಂತೆಯಲ್ಲಿ ಜಾಗಕ್ಕೆ ಚೀಟಿಯಿಲ್ಲ, ಗೆರೆಯಿಲ್ಲ. ಯಾರು ವಾರ ವಾರ ಬಂದು ತಟ್ಟು ಹಾಸುತ್ತಾರೋ ಜಾಗ ಅವರದು. ಮೈಯಲ್ಲಿ ಜ್ವರವಿದ್ದರೂ ಮನೆಯವರು ಯಾರಾದರೂ ಬಂದು ಗೋಣಿತಟ್ಟು ಹಾಸಿ, ಮೇಲೊಂದು ಕಲ್ಲಿಟ್ಟು ಹೋಗಬೇಕು. ಬರಿ ನೆಲ ಕಂಡರೆ ಇನ್ನೊಬ್ಬರು ಕೂಡುತ್ತಾರೆ. ಅದಕ್ಕೆ ಜಗಳವಿಲ್ಲ, ಪಂಚಾಯಿತಿಯಿಲ್ಲ.

ಗುಡದಪ್ಪ ಅವಳಿಗೊಂದು ಪುಟ ಮಾಡಿಕೊಟ್ಟ. 'ತಿಪ್ಪವ್ವನ ಕೌದಿ' ಎಂದು ಹೆಸರು ಬರೆದ. ಕೆಲವು ದಿನ ಬಿಟ್ಟು ಬಂದು ಅವಳ ಅಂಗಳದಲ್ಲಿಯೇ ಕೂತು, ಅವಳದೇ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದು, "ತಿಪ್ಪವ್ವನ ಕೌದಿ ಅನ್ನವ್ವ" ಎಂದ. ಅವಳು ಅಂದಳು. ಪುಟ ಎಲ್ಲಕ್ಕಿಂತ ಮೇಲೆ ಬಂತು. ಅವಳ ಫೋನು, ಅವಳ ಅಂಗಳ, ಅವಳ ಹೆಸರು. ಬೇರೆ ಏನು ಬರಬೇಕು? ಆದರೆ ತಿಪ್ಪವ್ವ ಎರಡೂ ಕೈಯಿಂದ ಫೋನು ಹಿಡಿದು ಕಣ್ಣಿಗೊತ್ತಿಕೊಂಡಳು. ಅಕ್ಕಪಕ್ಕದವರನ್ನು ಕೂಗಿ ಕರೆದಳು. "ಬರ್ರಿ, ನೋಡ್ರಿ, ಎಲ್ಲಾರಕಿಂತ ಮ್ಯಾಲ ಬಂದೀನಿ" ಎಂದಳು.

ಆಗ ಗುಡದಪ್ಪನ ನಾಲಿಗೆ ಸಲೀಸಾಯಿತು. "ಇನ್ನ ಸಂತ್ಯಾಗ ಯಾಕ ಕುಂದರ್ತಿ ಯವ್ವ? ದೀಪಾವಳಿ ಅನ್ನೂದರೊಳಗ ಈ ಫೋನು ಹೊಡಕೊಳ್ಳೂದು ನಿಂದರಂಗಿಲ್ಲ."

"ಹಂಗಾರ ಸಂತಿ ಬಿಡ್ಲೇನು?"

ಇಲ್ಲಿ ಅವನು ಬೇಡ ಅನ್ನಬಹುದಿತ್ತು. ಒಂದು ಮಾತು. ಅವಳು ನಗುತ್ತಿದ್ದಳು, ಸುತ್ತ ಜನ ನಿಂತಿದ್ದರು, ಅವನಿಗೆ ಕೈಯಲ್ಲಿ ಎರಡನೆಯ ಚಹಾ ಬಂದಿತ್ತು. "ಬಿಟ್ಟಂಗ ತಿಳಕೊ" ಎಂದ.

ಅದೇ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕೂತು ತನ್ನ ಫೋನಿನಲ್ಲಿ ತಾನು ಹುಡುಕಿ ನೋಡಿದ. ದೂರದ ಊರಿನವರಿಗೆ ತಿಪ್ಪವ್ವ ಯಾರೆಂದು ಹೇಗೆ ಗೊತ್ತು? ಅವರು 'ಹಳೆಯ ಸೀರೆಯ ಹೊದಿಕೆ' ಎಂದು ಹುಡುಕುತ್ತಾರೆ, 'ಕೂಸಿಗೆ ಮೆತ್ತನೆಯ ಹಾಸಿಗೆ' ಎಂದು ಹುಡುಕುತ್ತಾರೆ. ಅವನೂ ಹಾಗೆಯೇ ಹುಡುಕಿದ. ಪುಟ ಸರಿಸಿದ, ಮತ್ತೆ ಸರಿಸಿದ, ಬೆರಳು ನೋಯುವತನಕ ಸರಿಸಿದ. ತಿಪ್ಪವ್ವ ಎಲ್ಲಿಯೂ ಇರಲಿಲ್ಲ. ಅವಳ ಹೆಸರು ಗೊತ್ತಿದ್ದವರಿಗಷ್ಟೇ ಅವಳು ಕಾಣುತ್ತಿದ್ದಳು, ಅವರಿಗೆ ಅವಳ ಸಂತೆಯ ಜಾಗವೂ ಗೊತ್ತಿತ್ತು. ಹಿಂದಿರುಗಿ ಹೋಗಿ ಹೇಳಬೇಕು ಎಂದುಕೊಂಡ. ಅಷ್ಟರಲ್ಲಿ ಬಸ್ಸು ಬಂತು, ಹತ್ತಿದ. ದೀಪಾವಳಿ ಬಂದು ಹೋಯಿತು. ಅವಳ ಫೋನು ಬಂದರೆ ಅವನು ಎತ್ತಲಿಲ್ಲ.

ಈಗ ಗುರುಗಳ ಎದುರಿಗೆ ಕೂತಾಗಲೂ ಅವನ ಫೋನು ಒಮ್ಮೆ ಟುಂಯ್ ಎಂದಿತು. ಅವನು ಬೋರಲು ಹಾಕಿದ.

"ಯಾರದು?"

"ಗಿರಾಕಿದು. ಮಾತಾಡಿ ಕಳಿಸ್ಯಾರ. ಆಮ್ಯಾಲ ಕೇಳಿದ್ರಾತು."

"ಈಗ ಹಚ್ಚು. ಈ ಕಾಲದಾಗ ಗಿರಾಕಿ ಹೆಂಗ ಮಾತಾಡ್ತಾರ ನಾನೂ ಒಂದೀಟು ಕೇಳ್ತೀನಿ."

ಗುರುಗಳ ಮಾತಿಗೆ ಇಲ್ಲವೆನ್ನಲು ಅವನಿಗೆ ಎಂದೂ ಬಂದಿರಲಿಲ್ಲ. ಇಲ್ಲವೆನ್ನಬೇಕಾದಾಗ ಹೇಳದೆ ಹೋಗುತ್ತಿದ್ದ, ಅಷ್ಟೆ. ಬೆರಳು ಒತ್ತಿದ. ತಿಪ್ಪವ್ವನ ದನಿ ಶೆಡ್ಡಿನ ತಗಡಿಗೆ ಬಡಿಯಿತು. ಫೋನಿನಲ್ಲಿ ಮಾತಾಡುವಾಗ ಅವಳು ಹೊಲದ ಆಚೆಯವರನ್ನು ಕರೆದಂತೆ ಕೂಗುತ್ತಿದ್ದಳು.

"ಗುಡದಪ್ಪಾ, ಆರಾಮ ಅದೀಯೇನಪ? ಫೋನ್ ಎತ್ತವಲ್ಲಿ, ಕೆಲಸ ಬಾಳ ಇರಬೇಕು ನಿನಗ. ಬ್ಯಾರೆ ಏನಿಲ್ಲ, ಫೋನು ಇನ್ನೂ ಹೊಡಕೊಳ್ಳವಲ್ದು. ಚಾರ್ಜ್ ಹಚ್ಚೇ ಇಟ್ಟೀನಿ. ಬಚ್ಚಲಕ್ಕ ಹ್ವಾದ್ರೂ ಸೆರಗಿನ್ಯಾಗ ಕಟ್ಟಿಕೊಂಡು ಹೊಕ್ಕೀನಿ. ಮೊನ್ನಿ ಒಂದು ಬಂತು ನೋಡು, ಒಲಿ ಮ್ಯಾಲಿನ ರೊಟ್ಟಿ ಬಿಟ್ಟು ಓಡಿಬಂದು ಎತ್ತಿದ್ನಿ. ಸಾಲ ಬೇಕೇನು ಅಂದ. ನನಗ ಕೌದಿ ಹೋಗಬೇಕಪ, ಸಾಲ ಯಾಕ ಅಂದ್ನಿ. ಇನ್ನೊಬ್ಬ ಬಂದ, ನಿಮ್ಮ ಹೆಸರು ಗೂಗಲ್‌ದಾಗ ಮ್ಯಾಲ ತರ್ತೀನಿ ಅಂದ. ನಮ್ಮ ಗುಡದಪ್ಪ ತಂದಾನ, ನೀ ಇಡು ಅಂದ್ನಿ. ಅಲ್ಲಪ, ಗೂಗಲ್‌ಗೆ ಏನರ ಹುಷಾರಿಲ್ಲೇನು? ಇಲ್ಲ, ನಂದ ಏನರ ತಪ್ಪಾಗೇತೇನು? ಹಲೋ ಅನ್ನಾಕ ನನಗ ಛಲೋ ಬರೂದಿಲ್ಲ, ಅದು ಅದಕ್ಕ ತಿಳದೈತೇನು? ಸಂತ್ಯಾಗ ನನ್ನ ಜಾಗಾದಾಗ ಬಳಿ ಮಾರಾಕಿ ಕುಂತಾಳ. ಸರೀವ್ವ ಅಂದ್ರ, ನೀ ಈಗ ಫೋನಿನ್ಯಾಗ ಕುಂದರ್ತಿಯಲ್ಲವ್ವ, ನಿನಗ್ಯಾಕ ನೆರಳು ಅಂದ್ಲು. ಎಲ್ಲಾರು ನಕ್ರು, ನಾನೂ ನಕ್ನಿ. ನೀ ಊಟ ಮಾಡು ಹೊತ್ತಿಗೆ ಸರಿಯಾಗಿ. ಇಡ್ಲೇನು?"

ಗುಡದಪ್ಪನ ಕಿವಿ ಬಿಸಿಯಾದವು. ಬೈದಿದ್ದರೆ ಒಂದು ರೀತಿ ಇರುತ್ತಿತ್ತು. ಬೈಗುಳಕ್ಕೆ ಉತ್ತರ ಕೊಟ್ಟು ಅವನಿಗೆ ರೂಢಿಯಿತ್ತು. ಊಟ ಮಾಡು ಎಂದವರಿಗೆ ಏನು ಹೇಳಬೇಕೆಂದು ಯಾವ ಊರೂ ಕಲಿಸಿರಲಿಲ್ಲ.

"ಸಂತಿ ಬಿಟ್ಟಾಳೇನು ಆಕಿ?" ಎಂದರು ಗುರುಗಳು.

"ಬಿಟ್ಟಾಳ್ರಿ."

"ಬಿಡು ಅಂತ ಯಾರ ಹೇಳಿದ್ರು?"

"ಯಾರೂ ಹೇಳಿಲ್ರಿ. ಆಕೀನ ಹಂಗ ತಿಳಕೊಂಡ್ಲು."

ಆ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಕೇಳಿಸಿತು. ತನ್ನ ದನಿ ತನಗೆ ಅಷ್ಟು ಅಸಹ್ಯವಾಗಿ ಎಂದೂ ಕೇಳಿಸಿರಲಿಲ್ಲ. ಗುರುಗಳು ಚಹಾದ ಬಟ್ಟಲನ್ನು ಬದಿಗೆ ಸರಿಸಿ, ಗೋಡೆಗೆ ಒರಗಿ, "ನಿಮ್ಮ ಕಸಬಿನ್ಯಾವ ದಿನ ಎಷ್ಟು ಬೇಕು ಅಂತ ಕೇಳ್ಯಾನ, ಹೌದಿಲ್ಲೋ? ಅವಗ ಈ ಕತಿ ಹೇಳು" ಎಂದು ಶುರುಮಾಡಿದರು.

ಒಬ್ಬ ರೈತನಿದ್ದ. ಕಬ್ಬು ಬೆಳೆದು, ತಾನೇ ಗಾಣ ಆಡಿಸಿ ಬೆಲ್ಲ ಮಾಡುತ್ತಿದ್ದ. ಬೆಲ್ಲ ಒಳ್ಳೆಯದಿತ್ತು. ಅವನ ಹೊಲ ಮಾತ್ರ ಜನ ಓಡಾಡುವ ಹಾದಿಯಿಂದ ದೂರವಿತ್ತು. ಆದ್ದರಿಂದ ಅವನು ಬುಟ್ಟಿ ಹೊತ್ತು, ನಾಲ್ಕು ದಾರಿ ಕೂಡುವಲ್ಲಿಗೆ ಹೋಗಿ, ಅಲ್ಲಿಯ ಒಂದು ಮರದ ಕೆಳಗೆ ಕೂಡುತ್ತಿದ್ದ. ಹೋಗುವವರು ಬರುವವರು ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಹಿಡಿಸಿದರೆ ಕೊಳ್ಳುತ್ತಿದ್ದರು. ರೈತ ಸಾಹುಕಾರನಾಗಲಿಲ್ಲ. ಹಸಿದು ಮಲಗಲೂ ಇಲ್ಲ.

ಒಂದು ದಿನ ಆ ಮರದ ಕೆಳಗೆ ಒಬ್ಬ ದಾರಿಹೋಕ ಬಂದ. ಅವನ ಮಾತು ಚೆನ್ನಾಗಿತ್ತು. ಬೆಲ್ಲ ತಿಂದು ನೀರು ಕುಡಿದು, "ನೀನೇಕೆ ಜನರ ಹತ್ತಿರ ಹೊತ್ತುಕೊಂಡು ಬರುತ್ತೀ? ಜನರೇ ನಿನ್ನ ಬಾಗಿಲಿಗೆ ಬರುವಂತೆ ನಾನು ದಾರಿ ಹಾಕಿಕೊಡುತ್ತೇನೆ. ಬರುವ ಅಮಾವಾಸ್ಯೆಯೊಳಗೆ" ಎಂದ.

ರೈತ, "ದಾರಿ ಅಷ್ಟು ಬೇಗ ಬೀಳುತ್ತದೆಯೇ?" ಎಂದ.

"ಹಾಕಲು ಬರುವವನಿಗೆ ಬೀಳುತ್ತದೆ."

ಆ ಸೀಮೆಯಲ್ಲಿ ಒಬ್ಬ ಕುರಿಗಾರ ಹಿಂಡು ಬಿಟ್ಟುಕೊಂಡು ಇಳಿದಿದ್ದ. ದಾರಿಹೋಕ ಅವನ ಜೊತೆ ಮಾತಾಡಿ ಕುರಿಗಳನ್ನು ತಂದ. ಕೂಡುದಾರಿಯಿಂದ ರೈತನ ಬಾಗಿಲಿನವರೆಗೆ ಹೊಡೆದ. ಬಾಗಿಲಿನಿಂದ ಕೂಡುದಾರಿಗೆ ಹೊಡೆದ. ಮತ್ತೆ ಹೊಡೆದ. ಹುಲ್ಲು ಸತ್ತಿತು, ಮಣ್ಣು ಪುಡಿಯಾಯಿತು. ಅಮಾವಾಸ್ಯೆಯ ಹೊತ್ತಿಗೆ ನೂಲು ಹಿಡಿದು ಎಳೆದಂತೆ ಒಂದು ದಾರಿ ಬಿದ್ದಿತ್ತು. ಕೂಡುದಾರಿಯಲ್ಲಿ ಒಂದು ಕಲ್ಲು ನೆಟ್ಟು, ಅದರ ಮೇಲೆ ದಪ್ಪ ಅಕ್ಷರದಲ್ಲಿ ರೈತನ ಹೆಸರು ಕೊರೆದ.

ರೈತ ತನ್ನ ಬಾಗಿಲಲ್ಲಿ ನಿಂತು ನೋಡಿದ. ಅಲ್ಲಿಂದ ದಾರಿ ಎದ್ದು ಕಾಣುತ್ತಿತ್ತು. ಕೂಡುದಾರಿಯಲ್ಲಿ ನಿಂತವನಿಗೆ ಅದು ಹೇಗೆ ಕಾಣುತ್ತದೆಂದು ಅವನು ಹೋಗಿ ನೋಡಲಿಲ್ಲ. ಅಲ್ಲಿಂದ ನೋಡಿದರೆ ಅದು ಕುರಿ ಹೋದ ಜಾಡು, ಅಷ್ಟೆ. ಆದರೂ ರೈತನ ಕಣ್ಣು ತುಂಬಿ ಬಂದವು. ದಾರಿಹೋಕನಿಗೆ ಉಣ್ಣಲಿಕ್ಕಿದ, ಹೊಸ ಬೆಲ್ಲ ಕಟ್ಟಿ ಕೊಟ್ಟ. ದಾರಿಹೋಕ ಹೋದ. ರೈತ ಬುಟ್ಟಿಯನ್ನು ಅಟ್ಟಕ್ಕೆ ಹಾಕಿ, ಬಾಗಿಲಲ್ಲಿ ಕೂತ.

ಯಾರೂ ಬರಲಿಲ್ಲ.

ಬೆಲ್ಲ ಬೇಕಾದ ಪರಸ್ಥಳದವರು ಕಲ್ಲು ನೋಡಿದರು. ಅದರ ಮೇಲೆ ಯಾರದೋ ಹೆಸರಿತ್ತು. ಯಾರದೋ ಹೊಲ ಎಂದುಕೊಂಡು ಮುಂದೆ ಹೋದರು. ಹೆಸರು ಗೊತ್ತಿದ್ದವರು ಎಂದಿನಂತೆ ಮರದ ಕೆಳಗೆ ಬಂದರು. ಅಲ್ಲಿ ಚುರಮುರಿ ಮಾರುವವನು ಕೂತಿದ್ದ. ಅವರು ಚುರಮುರಿ ಕೊಂಡು ಹೋದರು. ಆ ಹೊಸ ದಾರಿ ಚೆನ್ನಾಗಿ ಗೊತ್ತಿದ್ದದ್ದು ಕುರಿಗಳಿಗೆ ಮಾತ್ರ. ಅವು ಒಂದು ದಿನ ತಾವಾಗಿಯೇ ಬಂದವು. ರೈತ ಗದ್ದಲ ಕೇಳಿ, ಜನ ಬಂದರೆಂದು ಓಡಿಹೋದ. ಅವು ಕಬ್ಬು ಮೇಯುತ್ತಿದ್ದವು.

ಗುಡದಪ್ಪ ನೆಲ ನೋಡುತ್ತ ಕೂತಿದ್ದ. ಗುರುಗಳು ಅವನನ್ನು ನೋಡದೆ ಹೇಳುತ್ತ ಹೋದರು.

ಮೋಡ ಕಟ್ಟಿತು. ತಂಪು ಹವೆಗೆ ಬೆಲ್ಲ ಒಸರತೊಡಗಿತು. ರೈತ ದಾರಿಯನ್ನು ಅನುಮಾನಿಸಲಿಲ್ಲ. ದಾರಿ ಕಣ್ಣಿಗೆ ಕಾಣುತ್ತಿತ್ತಲ್ಲ. ದಾರಿ ಹಾಕಿದವನನ್ನೂ ಅನುಮಾನಿಸಲಿಲ್ಲ. ತಪ್ಪು ತನ್ನ ಬೆಲ್ಲದಲ್ಲಿಯೇ ಇರಬೇಕು ಎಂದುಕೊಂಡ. ದಿನಾಲೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನೋಡಿದ. ನೋಡಿ ನೋಡಿ, ಕೊನೆಗೆ ಅದು ಸಿಹಿಯೋ ಅಲ್ಲವೋ ಎಂಬುದೇ ಅವನಿಗೆ ತಿಳಿಯದಾಯಿತು.

"ಗುರುಗಳ," ಎಂದ ಗುಡದಪ್ಪ. "ಆ ರೈತ ಹಂಗ ಕುಂತಬಿಟ್ನೇನ್ರಿ?"

"ಕತಿ ಮುಗದಿಲ್ಲ. ಸುಮ್ಮಕ ಕೇಳು."

ಒಂದು ದಿನ ರೈತನ ಹೆಂಡತಿ ಅಟ್ಟದಿಂದ ಬುಟ್ಟಿ ಇಳಿಸಿ ಅವನ ಮುಂದೆ ಇಟ್ಟಳು. ಅವನು ಹೊತ್ತುಕೊಂಡು ಕೂಡುದಾರಿಗೆ ಹೋದ. ನೆರಳಿನಲ್ಲಿ ಜಾಗವಿರಲಿಲ್ಲ. ಬಿಸಿಲಿನಲ್ಲಿ ಕೂತ. ಅಲ್ಲಿಂದ ಮೊದಲ ಸಲ ಆ ಕಲ್ಲು ಅವನಿಗೆ ಕಂಡಿತು. ಬಹಳ ಹೊತ್ತು ನೋಡಿದ. ಮರುದಿನ ಬರುವಾಗ ಸುಣ್ಣ ತಂದು, ತನ್ನ ಹೆಸರಿನ ಮೇಲೆ ಬಳಿದು, 'ಬೆಲ್ಲ' ಎಂದು ಬರೆದ.

ಕೊಂಡವರಿಗೆಲ್ಲ ಒಂದು ಮಾತು ಹೇಳಿದ, ಬೇಕಾದರೆ ಮನೆಗೂ ಬನ್ನಿ ಎಂದು. ಬಹಳ ಜನ ಆಗಲಿ ಎಂದರು, ಬರಲಿಲ್ಲ. ಒಬ್ಬಳು ಬಂದಳು. ಅವಳ ಮನೆಯಲ್ಲಿ ತೊಟ್ಟಿಲ ಶಾಸ್ತ್ರವಿತ್ತು, ಹೆಚ್ಚು ಬೆಲ್ಲ ಬೇಕಿತ್ತು. ಶಾಸ್ತ್ರಕ್ಕೆ ಬಂದಿದ್ದ ಅವಳ ತಂಗಿ ಕೇಳಿಕೊಂಡು ಬಂದಳು. ತಂಗಿಯ ಊರಿನವರು ಒಬ್ಬಿಬ್ಬರು ಬಂದರು. ಅವರು ಯಾರೂ ಕುರಿಗಳ ದಾರಿಯಲ್ಲಿ ಬರಲಿಲ್ಲ. ಕುರಿಗಳ ದಾರಿ ನೆಟ್ಟಗೆ ಜಾಲಿಮುಳ್ಳಿನ ನಡುವೆ ಹಾದುಹೋಗಿತ್ತು. ಜನ ಮುಳ್ಳನ್ನು ಬಳಸಿ, ಬಾವಿಯಲ್ಲಿ ನೀರು ಕುಡಿದು, ಕಟ್ಟೆಯ ಮೇಲೆ ತುಸು ಕೂತು, ಎದ್ದು ಬಂದರು. ಅವರು ಕಾಲಿಟ್ಟಲ್ಲಿ ಹುಲ್ಲು ಬಾಗಿತು. ಮತ್ತೆ ಎದ್ದಿತು. ಮತ್ತೆ ಬಾಗಿತು. ರೈತ ದಿನಾಲೂ ಸಂಜೆ ಹೋಗಿ ಆ ಜಾಡಿನ ಕಸ ತೆಗೆದು, ಕಲ್ಲು ಆರಿಸಿ ಬರುತ್ತಿದ್ದ. ಕೆಲವು ದಿನ ತನಗೇ ಅದು ಕಾಣುತ್ತಿರಲಿಲ್ಲ, ಅಂದಾಜಿನಿಂದ ತೆಗೆಯುತ್ತಿದ್ದ.

ಒಂದು ಮಳೆಗಾಲ ಕಳೆಯಿತು. ಬೇಸಿಗೆಯೂ ಕಳೆಯಿತು. ಆಗ ಅಲ್ಲೊಂದು ಕಾಲುದಾರಿ ಇದೆ ಎಂದು ಹೇಳುವ ಹಾಗಾಯಿತು. ಅದರ ಮೇಲೆ ಗಾಡಿಗಳೇನೂ ಬರಲಿಲ್ಲ. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲವಿತ್ತು. ರೈತ ಮಾಡುವ ಬೆಲ್ಲಕ್ಕೆ ಅಷ್ಟು ಅಗಲ ಸಾಕಿತ್ತು. ಆದರೂ ಅವನು ಕೂಡುದಾರಿಯಲ್ಲಿ ಕೂಡುವುದನ್ನು ಮತ್ತೆ ಬಿಡಲಿಲ್ಲ. ಅವನಿಗೆ ನೆರಳು ಮಾತ್ರ ಮತ್ತೆ ಸಿಗಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

ಗುಡದಪ್ಪ ಕಾದ. ಕತೆಯಲ್ಲಿ ಇನ್ನೊಬ್ಬ ಉಳಿದಿದ್ದ. ಬಿಸಿಲಿನಲ್ಲಿ ಕೂತ ರೈತನ ಮುಂದೆ ಅವನು ಒಂದು ಸಲ ಬಂದು ನಿಲ್ಲುತ್ತಾನೆ, ಏನಾದರೂ ಹೇಳುತ್ತಾನೆ ಎಂದು ಕತೆಯ ಉದ್ದಕ್ಕೂ ಹಾದಿ ನೋಡಿದ್ದ. ಹೇಳಿದರೆ ಅದೇನೆಂದು ತಿಳಿದುಕೊಂಡು ತಾನೂ ಅದನ್ನೇ ಹೇಳಬಹುದು ಎಂಬ ಆಸೆಯಿತ್ತು. ಅವನು ಬರಲಿಲ್ಲ. ಕೇಳಬಾರದು ಎಂದುಕೊಂಡ. ಕೇಳಿದರೆ ತಾನು ಯಾರ ಪರವಾಗಿ ಬಂದು ಕೂತಿದ್ದೇನೆಂಬುದು ಬಯಲಾಗುತ್ತದೆ. ಅದು ಬಯಲಾಗಿ ಎಷ್ಟೋ ಹೊತ್ತಾಗಿತ್ತು, ಅದೂ ಅವನಿಗೆ ಗೊತ್ತಿತ್ತು. ಆದರೂ ನಾಲಿಗೆ ತಡೆಯಲಿಲ್ಲ.

"ದಾರಿ ಹಾಕಿದಾವ ಏನಾದ್ನ್ರಿ, ಗುರುಗಳ?"

ಗುರುಗಳು ಈಗ ಅವನನ್ನು ನೆಟ್ಟಗೆ ನೋಡಿದರು.

"ದಾರಿ ಬೀಳಾಕ ಎಷ್ಟು ದಿನ ಬೇಕು ಅಂತ ಕಂಡ ಕಂಡಾರನ್ನೆಲ್ಲ ಕೇಳ್ಕೊಂತ ಅಡ್ಡಾಡಾಕತ್ತಾನ, ಆ ರೈತನ ಒಬ್ಬನ್ನ ಬಿಟ್ಟು."

ಗುಡದಪ್ಪನ ತಲೆ ಮೇಲಕ್ಕೆ ಏಳಲಿಲ್ಲ. ಗುರುಗಳು ಬಟ್ಟಲು ತೊಳೆಯಲು ಎದ್ದು ಹೋದರು, ಬೇಕೆಂದೇ ತಡಮಾಡಿದರು.

ಅವನು ಎದ್ದ. ಹಾಸಿದ ಚಾಪೆ ಸುತ್ತಿಟ್ಟ. ಲ್ಯಾಪ್‌ಟಾಪಿನ ವೈರು ಬಿಚ್ಚಿ ಸುತ್ತಿದ, ಅದು ಎರಡು ಸಲ ಬಿಚ್ಚಿಕೊಂಡಿತು. ಕಟಗಿಹಾಳದ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಬೇಕಿತ್ತು, ಕೇಳಲು ಮುಖವಿರಲಿಲ್ಲ. ಊರು ಬಿಟ್ಟಂದಿನಿಂದ ಅವನು ಚೀಲ ಕಟ್ಟಿದ್ದೆಲ್ಲ ಇದ್ದಲ್ಲಿಂದ ಎದ್ದು ಹೋಗಲಿಕ್ಕೆ. ಹೋಗಿ ಯಾರ ಬಾಗಿಲಲ್ಲಿ ನಿಲ್ಲಬೇಕೆಂದು ತಿಳಿದು ಕಟ್ಟಿದ್ದು ಇದೇ ಮೊದಲು. ಅಲ್ಲಿ ನಿಂತು ಬಾಯಿ ತೆರೆದರೆ ಮೊದಲನೆಯ ಮಾತು ಯಾವುದೆಂದು ಇನ್ನೂ ಹೊಳೆದಿರಲಿಲ್ಲ. ತಂತಿಯ ಮೇಲಿನ ಅಂಗಿ ಮುಟ್ಟಿ ನೋಡಿದ. ತೋಳು ಒಣಗಿರಲಿಲ್ಲ. ಹಾಗೆಯೇ ಎಳೆದು ಮಡಚಿ, ಚೀಲದೊಳಗೆ ತುರುಕಿ, ಬಾಯಿ ಕಟ್ಟತೊಡಗಿದ.